ಗಾಜಿನ ಹೆಂಚೋ, ಪ್ಲಾಸ್ಟಿಕ್ ಶೀಟೋ, ಹೊಸ ಕಿಟಕಿಯೋ: ಕತ್ತಲೆ ಮನೆಗೆ ನಾವು ಮಾಡಿ ನೋಡಿದ್ದು

ಮಲೆನಾಡಿನ ಸಾಗರದ ಕಡೆಯ ಹಳೇ ಹೆಂಚಿನ ಮನೆ ನಮ್ಮದು. ಹೊರಗೆ ರಣಬಿಸಿಲು ಇದ್ದರೂ ಅಡುಗೆಮನೆಯಲ್ಲಿ ಲೈಟ್ ಹಾಕದೆ ಅಕ್ಕಿ ಆರಿಸುವ ಹಾಗಿರಲಿಲ್ಲ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಆರಿದ್ರಾ ಮಳೆ ಹಿಡಿದುಕೊಂಡರೆ ಲೈನ್ ಮೇಲೆ ಮರ ಬಿದ್ದು ಮೂರ್ನಾಲ್ಕು ದಿನ ಕರೆಂಟಿಲ್ಲ, ಹಗಲು ಹನ್ನೊಂದು ಗಂಟೆಗೆ ಮೊಬೈಲ್ ಟಾರ್ಚ್ ಹಿಡಿದುಕೊಂಡು ಸಾರಿಗೆ ಒಗ್ಗರಣೆ ಹಾಕಿದ್ದೇನೆ. ಐದಾರು ವರ್ಷದಲ್ಲಿ ಒಂದೊಂದಾಗಿ ಎಲ್ಲ ಮಾಡಿ ನೋಡಿದೆವು. ಸುಮ್ನೆ ದುಡ್ಡು ಕಳೆದದ್ದೂ ಇದೆ.

ಮೊದಲು ಮಾಡಿದ್ದು ಕಿಟಕಿ. ಜಂಬಿಟ್ಟಿಗೆ ಗೋಡೆ, ಒಂದೂವರೆ ಅಡಿ ದಪ್ಪ. ಅದನ್ನು ಒಡೆದು, ಮೇಲೆ ಲಿಂಟಲ್ ಕೊಟ್ಟು ಚೌಕಟ್ಟು ಕೂರಿಸುವ ಹೊತ್ತಿಗೆ ಒಂದು ವಾರ, ಪಾತ್ರೆಪಗಡಿಯ ಮೇಲೆಲ್ಲ ಕೆಂಪು ಧೂಳು. ಇಷ್ಟಾದ ಮೇಲೆ ಕಿಟಕಿ ಪಕ್ಕ ನಿಂತರೆ ಪೇಪರ್ ಓದಬಹುದು, ನಾಲ್ಕು ಹೆಜ್ಜೆ ಒಳಗೆ ಬಂದರೆ ಮತ್ತೆ ಅದೇ ಕತ್ತಲೆ. ಕಾರಣ ಆಮೇಲೆ ಹೊಳೆಯಿತು. ನಮ್ಮ ಕಡೆ ಇರಚಲು ಹೊಡೆಯುತ್ತದೆ ಅಂತ ಸೂರನ್ನು ತಗ್ಗಿಸಿ ಕಟ್ಟಿರುತ್ತಾರೆ. ಒಲೆ ಹತ್ತಿರ ನಿಂತು ಆ ಕಿಟಕಿಯಲ್ಲಿ ನೋಡಿದರೆ ಆಕಾಶ ಒಂದು ಚೂರೂ ಕಾಣುವುದಿಲ್ಲ, ಬರೀ ಅಂಗಳ. ಅಂದರೆ ನಮಗೆ ಸಿಗುತ್ತಿದ್ದದ್ದು ಅಂಗಳಕ್ಕೆ ಬಿದ್ದು ವಾಪಸ್ ಬಂದ ಬೆಳಕು. ಆಮೇಲೆ ಗೋಡೆಯ ಎರಡೂ ಮಗ್ಗುಲನ್ನು ಒಳಗಡೆ ಅಗಲವಾಗುವ ಹಾಗೆ ಓರೆಯಾಗಿ ಕೆತ್ತಿಸಿ ಸುಣ್ಣ ಬಳಿಸಿದೆವು, ಸ್ವಲ್ಪ ಪರವಾಗಿಲ್ಲ ಅನ್ನಿಸಿತು. ಗಾಳಿ ಮಾತ್ರ ಚೆನ್ನಾಗಿ ಬರುತ್ತದೆ.

ಆಮೇಲೆ ಗಾಜಿನ ಹೆಂಚು. ಅಡುಗೆಮನೆಗೆ ಮುಚ್ಚಿಗೆ ಇಲ್ಲ, ತಲೆ ಎತ್ತಿದರೆ ನೇರ ಹೆಂಚೇ. ಮೊದಲು ಎರಡು ಹಾಕಿದೆವು, ಅರ್ಧ ಗಂಟೆ ಕೆಲಸ ಅಷ್ಟೇ. ಹಳೇ ಹೆಂಚು ಜಾರಿಸಿ ತೆಗೆಯುವುದು, ರೀಪಿನ (ಹೆಂಚು ಕೂರುವ ಮರದ ಪಟ್ಟಿ) ಮೇಲೆ ಇದನ್ನು ಕೂರಿಸುವುದು. ವಾರವಿಡೀ ಒಡೆದು ಕಟ್ಟಿದ ಕಿಟಕಿಗಿಂತ ಈ ಎರಡು ಹೆಂಚಿನಿಂದಲೇ ಜಾಸ್ತಿ ಬೆಳಕು ಬಂತು, ಯಾಕೆಂದರೆ ಅದರ ಮುಖ ಇರುವುದು ನೇರ ಆಕಾಶಕ್ಕೆ. ಅತ್ತೆ ಮೊರ ಹಿಡಿದು ಕೂತವರು, "ಈಗ ಕಲ್ಲು ಕಾಣ್ತದೆ ನೋಡು, ಇಷ್ಟು ದಿನ ಎಷ್ಟು ತಿಂದ್ವೋ" ಅಂದರು.

ಆದರೆ ಅಳತೆ ನೋಡಿ ತನ್ನಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಒಬ್ಬರ ಅಚ್ಚಿನ ಹಾಗೆ ಇನ್ನೊಬ್ಬರದು ಇರುವುದಿಲ್ಲ. ನಾವು ತಂದ ಮೊದಲ ಜೊತೆ ಪಕ್ಕದ ಹೆಂಚಿನ ಅಂಚಿಗೆ ಸರಿಯಾಗಿ ಕೂರಲಿಲ್ಲ, ಮೊದಲ ಮಳೆಗೇ ಒಲೆಕಟ್ಟೆ ಮೇಲೆ ತೊಟ ತೊಟ. ಮುಂದಿನ ಸಲ ನಮ್ಮದೇ ಒಂದು ಹಳೇ ಹೆಂಚನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆವು. ಅಂಗಡಿಯವರು ನಕ್ಕರು, ನಗಲಿ ಬಿಡಿ.

ಯಾವ ಇಳಿಜಾರಿಗೆ ಹಾಕಬೇಕು ಅನ್ನುವುದಕ್ಕೆ ಎಲ್ಲರೂ "ಉತ್ತರಕ್ಕೆ ಹಾಕಿ, ತಂಪು ಬೆಳಕು" ಅನ್ನುತ್ತಾರೆ. ಅರ್ಧ ನಿಜ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವಾಗ ದಕ್ಷಿಣದ ಹೆಂಚಿನಿಂದ ಬಿಸಿಲಿನ ಚೌಕ ನೆಲದ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತದೆ, ಉತ್ತರದ್ದು ಮೆದುವಾಗಿರುತ್ತದೆ. ಆದರೆ ನಾವಿರುವುದು 14 ಡಿಗ್ರಿ ಅಕ್ಷಾಂಶದ ಹತ್ತಿರ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಮೇ ತಿಂಗಳ ಸೆಕೆಯಲ್ಲಿ ಉತ್ತರದ ಹೆಂಚೂ ಸುಡುತ್ತದೆ. ಜೂನ್ ಆದ ಮೇಲೆ ಮೋಡ, ಯಾವ ಕಡೆ ಹಾಕಿದರೂ ಒಂದೇ. ನಾವು ಮೂರು ಉತ್ತರಕ್ಕೆ, ಒಂದು ದಕ್ಷಿಣಕ್ಕೆ ಹಾಕಿದ್ದೇವೆ. ಒಲೆಯ ನೆತ್ತಿಗೆ ಮಾತ್ರ ಹಾಕಬೇಡಿ, ಮಸಿ ಹಿಡಿದು ಒಂದೇ ವರ್ಷಕ್ಕೆ ಅದೂ ಮಣ್ಣಿನ ಹೆಂಚಿನ ಬಣ್ಣಕ್ಕೇ ಬರುತ್ತದೆ.

ಹಿತ್ತಿಲ ಕಡೆಯ ಚಪ್ಪರಕ್ಕೆ ಪಾಲಿಕಾರ್ಬೊನೇಟ್ (ಬೆಳಕು ಬಿಡುವ ಗಟ್ಟಿ ಪ್ಲಾಸ್ಟಿಕ್) ಶೀಟ್ ಹಾಕಿಸಿದ್ದು ಬೇರೆಯೇ ಕಥೆ. ಹಗುರ, ಮಂಗ ಹಾರಿದರೂ ಒಡೆಯುವುದಿಲ್ಲ, ಅಡಿಕೆ ಸೋಗೆ ಬಿದ್ದರೂ ಏನಾಗುವುದಿಲ್ಲ. ಈ ವಿಷಯದಲ್ಲಿ ಗಾಜು ಸೋತಿತು, ಮಂಗಗಳು ನಮ್ಮ ಎರಡು ಹೆಂಚನ್ನು ಆಗಲೇ ಮುಗಿಸಿವೆ. ಆದರೆ ಈ ಶೀಟಿನಲ್ಲಿ ಬಿಸಿಲು ತಡೆಯುವ ಯುವಿ ಪದರ ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ ಇರುತ್ತದೆ, ಅದು ಮೇಲೆ ಬರಬೇಕು. ನಮಗೆ ಹಾಕಿಕೊಟ್ಟವರು ಗುರುತಿನ ಪ್ಲಾಸ್ಟಿಕ್ ಹಾಳೆ ಮೊದಲೇ ಕಿತ್ತುಬಿಟ್ಟು, ಯಾವ ಮಗ್ಗುಲು ಅಂತ ನೋಡದೆ ಮಗುಚಿ ಹಾಕಿದ್ದರು. ಎರಡು ವರ್ಷಕ್ಕೆ ಅರಿಶಿನ ನೀರಿನ ಬಣ್ಣ. ಟೊಳ್ಳು ಶೀಟಾದ್ದರಿಂದ ಅಂಚಿಗೆ ಟೇಪ್ ಹಚ್ಚದೆ ಬಿಟ್ಟ ಕಡೆ ಒಳಗೇ ಪಾಚಿ ಬೆಳೆದು, ಒರೆಸಲೂ ಆಗದು. ಜೊತೆಗೆ ಸದ್ದು! ಜೋರು ಮಳೆಯಲ್ಲಿ ಅದರ ಕೆಳಗೆ ನಿಂತು ಫೋನಲ್ಲಿ ಮಾತಾಡಿ ನೋಡಿ.

ಕೊಟ್ಟಿಗೆಯ ತಗಡಿಗೆ ಬಾಟಲಿ ದೀಪ ಮಾಡಿದೆವು, ಹೆಚ್ಚುಕಡಿಮೆ ಬಿಟ್ಟಿ. ಬ್ರೆಜಿಲ್‌ನ ಮೆಕ್ಯಾನಿಕ್ ಅಲ್ಫ್ರೆಡೊ ಮೋಸರ್ 2002ರಲ್ಲಿ ಹುಡುಕಿದ ಉಪಾಯ ಇದು. ಎರಡು ಲೀಟರ್ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಪಾಚಿ ಕಟ್ಟದ ಹಾಗೆ ಎರಡು ಮುಚ್ಚಳ ಬ್ಲೀಚ್ ಹಾಕಿ, ತಗಡಿನ ತೂತಿನಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ಕೂರಿಸುವುದು. ನೀರು ಬೆಳಕನ್ನು ಸುತ್ತಲೂ ಚೆಲ್ಲುತ್ತದೆ. ಬಿಸಿಲಿದ್ದರೆ ನಿಜಕ್ಕೂ ಬಲ್ಬಿನ ಹಾಗೆ, ಮೋಡದ ದಿನ ಮಂಕು. ಅಂಟು ಬಿಟ್ಟು ಸೋರಿದ್ದಕ್ಕೆ ಎರಡು ಸಲ ಸರಿ ಮಾಡಿದ್ದೇವೆ. ಕೊಟ್ಟಿಗೆಗೆ ಸಾಕು, ಮನೆಯೊಳಗೆ ಬೇಡ.

ನಡುಮನೆಗೆ ಮುಚ್ಚಿಗೆ ಇದೆ, ಗಾಜಿನ ಹೆಂಚು ಹಾಕಿದರೆ ಅಟ್ಟದ ಇಲಿಗಳಿಗಷ್ಟೇ ಬೆಳಕು. ಮುಚ್ಚಿಗೆಯಲ್ಲಿ ಒಂದಡಿ ಚೌಕ ಕೊಯ್ದು, ಹೆಂಚಿನವರೆಗೆ ಹಲಗೆಯ ಕೊಳವೆ ಮಾಡಿ, ಒಳಗೆ ಬಿಳಿ ಬಣ್ಣ ಬಳಿದೆವು. ಕೊಳವೆ ಆರಡಿ ಉದ್ದ. ಬೆಳಕು ಇಳಿಯುತ್ತಾ ಇಳಿಯುತ್ತಾ ಸತ್ತೇಹೋಯಿತು. ಮಾಡಿನಿಂದ ಹಗಲು ಬೆಳಕು ಇಳಿಸಲು ಅಂಗಡಿಯಲ್ಲಿ ಸಿಗುವ ಲೈಟ್ ಟ್ಯೂಬ್ ಅನ್ನುವ ಕೊಳವೆಯ ಒಳಗೆ ಕನ್ನಡಿಯಂಥ ಲೋಹ ಇರುವುದು ಇದಕ್ಕೇ ಅಂತ ಆಗ ಅರ್ಥವಾಯಿತು. ತಂಗಿಯ ಬೆಂಗಳೂರು ಮನೆಯಲ್ಲಿ ಅದನ್ನು ನೋಡಿದ್ದೇನೆ, ಚೆನ್ನಾಗಿದೆ, ಬೆಲೆ ಕೇಳಿ ಸುಮ್ಮನಾದೆ.

ಎಲ್ಲಕ್ಕಿಂತ ಅಗ್ಗದ ಕೆಲಸ ಸುಣ್ಣ, ಅದನ್ನೇ ಕೊನೆಗೆ ಮಾಡಿದೆವು ನೋಡಿ! ಅಡುಗೆಮನೆಯ ಗೋಡೆ, ಪಕಾಸು, ರೀಪು ಎಲ್ಲ ಹೊಗೆಗೆ ಕಪ್ಪಾಗಿ ಬಂದ ಬೆಳಕನ್ನು ನುಂಗುತ್ತಿದ್ದವು. ಮಸಿ ಉಜ್ಜಿ ಗೋಡೆಗೆ ಎರಡು ಕೈ ಸುಣ್ಣ ಬಳಿದ ಮೇಲೆ ಅದೇ ನಾಲ್ಕು ಹೆಂಚು ಎಂಟಾದ ಹಾಗಾಯಿತು. ಹೆಂಚಿಲ್ಲದೆ ಬರೀ ಸುಣ್ಣ ಬಳಿದಿದ್ದರೆ ಏನೂ ಆಗುತ್ತಿರಲಿಲ್ಲ, ಅದು ಬೇರೆ ಮಾತು.

ನೀವು ಹಾಕಿಸುವುದಾದರೆ ಮೇ ತಿಂಗಳಲ್ಲಿ ಹೇಗೂ ಹೆಂಚು ಕೈಯಾಡಿಸಲು ಆಳು ಬರುತ್ತಾರಲ್ವಾ, ಅವತ್ತೇ ಹಾಕಿಸಿ. ಎರಡು ಹೆಂಚು ಜಾಸ್ತಿ ತಂದು ಅಟ್ಟದಲ್ಲಿಟ್ಟುಕೊಳ್ಳಿ. ಮಂಗ ಒಡೆಯುವುದು ಮಳೆಗಾಲದಲ್ಲೇ, ಆಗ ಯಾವ ಅಂಗಡಿಯಲ್ಲೂ ನಿಮ್ಮ ಅಳತೆಯದು ಇರುವುದಿಲ್ಲ.