ಸಕಾಲ ಚೀಟಿ: ಎರಡೂವರೆ ವರ್ಷ ಬಳಸಿದವನ ಅನುಭವ

ನಮ್ಮದು ಕೋಲಾರದ ಕಡೆ. ತಾತನ ಹೆಸರಲ್ಲಿದ್ದ ಒಂದೂವರೆ ಎಕರೆ ರಾಗಿ ಹೊಲವನ್ನು ಅಪ್ಪನ ಹೆಸರಿಗೆ ಪೌತಿ ಖಾತೆ ಮಾಡಿಸಲು ಹೋದಾಗ ಕೈಗೆ ಸಿಕ್ಕಿದ್ದು ಈ ಚೀಟಿ, ಅಂದರೆ ಸರ್ಕಾರಿ ಕೆಲಸ ಗಡುವಿನೊಳಗೆ ಮುಗಿಯಬೇಕೆನ್ನುವ ಸಕಾಲ ಕಾಯ್ದೆಯಡಿ ಅರ್ಜಿಗೆ ಕೊಡುವ ರಸೀದಿ. ಖಾತೆ ಇನ್ನೂ ಸಿಕ್ಕಿಲ್ಲ, ಹಾಗಾಗಿ ವಿಮರ್ಶೆ ಚೀಟಿಗೆ ಮಾತ್ರ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. 15 ಅಂಕಿಯ ಸಂಖ್ಯೆ, ಕೂಡಲೇ ಮೊಬೈಲಿಗೆ ಮೆಸೇಜು. ಆಮೇಲೆ ಯಾವಾಗ ನೋಡಿದರೂ ‘ಪರಿಶೀಲನೆಯಲ್ಲಿದೆ’.

ಒಂದು ದೋಷವಿದೆ. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರೆ ಮಡಿಕೆ ಸಂಖ್ಯೆಯ ಮೇಲೇ ಬೀಳುತ್ತದೆ. ಬೆವರಿಗೆ ಒಂದಂಕಿ ಅಳಿಸಿ, ಅದು 3ಓ 8ಓ ತಿಳಿಯದೆ, ಎರಡು ತಿಂಗಳು ಇನ್ಯಾರದೋ ಅರ್ಜಿ ನೋಡುತ್ತಿದ್ದೆ. ಅದೂ ‘ಪರಿಶೀಲನೆಯಲ್ಲಿದೆ’ ಅಂತಲೇ ಇದ್ದುದರಿಂದ ಅನುಮಾನ ಬರಲಿಲ್ಲ. ಈಗ ಲ್ಯಾಮಿನೇಷನ್ ಮಾಡಿಸುತ್ತೇನೆ.

ಗಡುವಿನ ವಿಷಯದಲ್ಲಿ ಮಾತ್ರ ಕಚೇರಿ ಪಕ್ಕಾ. ಮೂರು ಸಲವೂ ಗಡುವಿನ ಹಿಂದಿನ ದಿನ ಸಂಜೆಗೇ ‘ತಿರಸ್ಕೃತ’. ಮೊದಲ ಸಲ ವಂಶವೃಕ್ಷ ಹಳೆಯದಾಯಿತಂತೆ. “ಸಾರ್, ಆಮೇಲೆ ಹೊಸ ಕೊಂಬೆ ಏನೂ ಒಡೆದಿಲ್ಲ” ಅಂದೆ. “ಅದನ್ನೇ ಹೊಸ ಕಾಗದದಲ್ಲಿ ತನ್ನಿ” ಅಂದರು. ಎರಡನೆಯ ಸಲ, ತಾತ ಪಹಣಿಯಲ್ಲಿ ‘ಸ್ವಾಮಪ್ಪ’, ಮರಣ ಪತ್ರದಲ್ಲಿ ‘ಶಾಮಪ್ಪ’. ನಮ್ಮ ಕಡೆ ಕರೆಯೋದೇ ಹಾಗೆ ಅಂದರೆ ಕೇಳುತ್ತಾರಾ? ಇಬ್ಬರೂ ಒಬ್ಬರೇ ಅಂತ ನೋಟರಿ ಹತ್ತಿರ ಅಫಿಡವಿಟ್ ಆಯಿತು. ಮೂರನೆಯ ಸಲದ ಕಾರಣ ‘ಇತರೆ’.

ಪರಿಹಾರದ ಬಗ್ಗೆ ಕೇಳುವವರಿಗೆ: 2012ರಿಂದ ಜಾರಿಯಲ್ಲಿರುವ ಈ ಕಾಯ್ದೆಯಲ್ಲಿ ತಡವಾದ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಅಂದರೆ 25 ದಿನಕ್ಕೆ ಲೆಕ್ಕ ಚುಕ್ತಾ, 26ನೆಯ ದಿನದಿಂದ ತಡ ಉಚಿತ. ನನಗೆ ಅದೂ ಇಲ್ಲ. ತಿರಸ್ಕರಿಸಿದ್ದು ಗಡುವಿನೊಳಗೇ ಅಲ್ಲವೆ, ಲೆಕ್ಕದಲ್ಲಿ ನನ್ನ ಕೆಲಸ ಮೂರು ಸಲ ಸಕಾಲಕ್ಕೆ ಮುಗಿದಿದೆ! ಮೇಲ್ಮನವಿಗೂ ದಾರಿಯಿದೆ; ಅದಕ್ಕೂ ಒಂದು ಗಡುವಿದೆ.

ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನ ಹುಂಡಿ ನೋಡಿದವರಿಗೆ ಗೊತ್ತು, ಅದು ನೆಲದೊಳಗಿದೆ. ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಟಪಾಲು ಟೇಬಲ್ಲೂ ಅದೇ ಮಾದರಿಯದು ಅನ್ನಿಸುತ್ತದೆ.

ನಾಲ್ಕನೆಯ ಅರ್ಜಿಗೆ ಹೋದ ವಾರ ಮೊದಲ ಸಲ ಬೇರೆ ಉತ್ತರ ಬಂತು. ನೋಟಿಸು, ತಾತನ ಹೆಸರಿಗೆ. ಏಳು ದಿನದೊಳಗೆ ಮೂಲ ದಾಖಲೆಗಳೊಂದಿಗೆ ಖುದ್ದು ಹಾಜರಾಗಬೇಕಂತೆ. ಅದನ್ನೂ ಲ್ಯಾಮಿನೇಷನ್‌ಗೆ ಕೊಟ್ಟೆ. ಅಂಗಡಿಯವನು ಓದಿ, “ಅಣ್ಣಾ, ಇದಕ್ಕೆ ಕಾಸು ಬೇಡ, ಇನ್ನೊಂದು ಜೆರಾಕ್ಸ್ ನನಗೂ ಇರಲಿ” ಅಂದ.