ದಂಪತಿ ಸಮಾಲೋಚನೆ: ಶಿವಮೊಗ್ಗದಲ್ಲಿ ನಮಗೆ ದೊರೆತ ಸೇವೆ

ಗಂಡನಿಗೆ ಗಂಡಸರ ಮೇಲೆಯೇ ಒಲವು ಎಂಬುದು ಮದುವೆಯಾಗಿ ಮಕ್ಕಳಾದ ಮೇಲೆ ತಿಳಿದರೆ, ಇಬ್ಬರ ಮಾತನ್ನೂ ಪೂರ್ತಿಯಾಗಿ ಕೇಳಬಲ್ಲ ಮೂರನೆಯವರೊಬ್ಬರು ಆ ದಂಪತಿಗೆ ಬೇಕಾಗುತ್ತಾರೆ. ತೀರ್ಥಹಳ್ಳಿ ಕಡೆಯವರಾದ ನಮಗೆ ಅಂಥ ಆಪ್ತಸಮಾಲೋಚಕಿಯೊಬ್ಬರು ಶಿವಮೊಗ್ಗದಲ್ಲಿಯೇ ಸಿಕ್ಕರು. ಅವರ ಹೆಸರು ಬರೆದರೆ ಅಲ್ಲಿಗೆ ಹೋಗಿಬರುವವರ ಗುಟ್ಟೂ ಬಯಲಾಗಬಹುದಾದಷ್ಟು ನಮ್ಮ ಸೀಮೆ ಚಿಕ್ಕದಾದ್ದರಿಂದ, ಸೇವೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ಔಷಧಿಯಿಂದ ತಮ್ಮ ಒಲವು ಬದಲಾದೀತೇ ಎಂದು ನಮ್ಮನೆಯವರು ಕೇಳಿದಾಗ, ಇದು ಕಾಯಿಲೆಯೇ ಅಲ್ಲವೆಂದೂ, ಬದಲಾಯಿಸುತ್ತೇವೆಂದು ಚಿಕಿತ್ಸೆ ನೀಡುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವೈದ್ಯರ ವೃತ್ತಿ ದುರ್ನಡತೆಯೆಂದು ಸಾರಿದೆಯೆಂದೂ ಅವರು ಸ್ಪಷ್ಟವಾಗಿ ಹೇಳಿದರು. ಬೇರೊಂದು ಊರಿನಲ್ಲಿ ಅಂಥದೇ ಭರವಸೆಗೆ ಹಣ ತೆತ್ತು ಬಂದಿದ್ದ ಅವರಿಗೆ ಆ ಮಾತು ಕೇಳಿ ಕಣ್ಣು ತುಂಬಿತು.

ನಾನು ಹೆಚ್ಚು ಮೆಚ್ಚಿದ್ದು ಹೆಂಡತಿಯ ನೋವಿಗೆ ಅಲ್ಲಿ ದೊರೆತ ಗೌರವವನ್ನು. ನಮ್ಮನೆಯವರ ಭಯ ಅರ್ಥವಾದಷ್ಟೂ ನನ್ನ ಸಿಟ್ಟಿಗೆ ಅರ್ಥವಿಲ್ಲವೇನೋ ಎಂದು ನಾನು ಬಾಯಿ ಕಟ್ಟಿಕೊಂಡಿದ್ದೆ. ಆ ಸಮಾಲೋಚಕಿಯವರು ನನ್ನನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, ಗಂಡನ ಮೇಲೆ ಕನಿಕರವಿರುವುದೂ ಮೋಸಹೋದೆನೆಂಬ ಸಂಕಟವಿರುವುದೂ ಒಟ್ಟಿಗೇ ನಿಜವಾಗಿರಬಹುದೆಂದರು. ನಾನು ಚೆಲುವೆಯಲ್ಲವೆಂಬುದೇ ಇದಕ್ಕೆ ಕಾರಣವಿರಬೇಕೆಂದು ಒಳಗೊಳಗೇ ಕೊರಗುತ್ತಿದ್ದದ್ದನ್ನು ನನ್ನ ಬಾಯಿಂದಲೇ ಹೊರಡಿಸಿ, ಆ ಎಣಿಕೆ ಎಷ್ಟು ತಪ್ಪೆಂದು ತಾಳ್ಮೆಯಿಂದ ತಿಳಿಸಿದರು. ಒಬ್ಬರೇ ಇದ್ದಾಗ ಆಡಿದ ಮಾತನ್ನು ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ದಾಟಿಸುವುದಿಲ್ಲವೆಂಬ ನಿಯಮವನ್ನು ಮೊದಲೇ ತಿಳಿಸಿದ್ದರಿಂದ ಇಬ್ಬರಿಗೂ ಧೈರ್ಯ ಬಂದಿತ್ತು. ಒಟ್ಟಿಗಿರಿ ಎಂದಾಗಲಿ, ಬೇರೆಯಾಗಿ ಎಂದಾಗಲಿ ಅವರು ಎಂದೂ ಒತ್ತಾಯಿಸಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಉಚಿತವಾಗಿ, ಗೋಪ್ಯವಾಗಿ ಆಗುತ್ತದೆಂದು ತಿಳಿಸಿ, ಯಾರ ಮೇಲೂ ಆರೋಪ ಬರದಂತೆ ಇಬ್ಬರಿಗೂ ಮಾಡಿಸಿಕೊಳ್ಳಲು ಹೇಳಿದರು. ವಿಚ್ಛೇದನದ ಪ್ರಶ್ನೆಗಳಿಗೆ ತಾವು ಉತ್ತರಿಸಲು ಹೋಗದೆ ವಕೀಲರನ್ನು ಕಾಣಲು ತಿಳಿಸಿದ್ದೂ ಸರಿಯಾಗಿತ್ತು.

ಕೊರತೆಗಳೂ ಇವೆ. ಶುಲ್ಕ ನಮ್ಮಂಥವರಿಗೆ ಭಾರವೇ. ಭಾನುವಾರ ಭೇಟಿಯಿಲ್ಲದ್ದರಿಂದ ಮನೆಯಲ್ಲಿ ಪ್ರತಿಸಲ ಒಂದು ನೆಪ ಹೇಳಬೇಕಾಗುತ್ತದೆ. ಮಳೆಗಾಲದಲ್ಲಿ ವಿಡಿಯೊ ಕರೆಯನ್ನು ನಂಬಿದರೆ ನೆಟ್‌ವರ್ಕ್ ಹೋಗಿ, ಮುಖ್ಯವಾದ ಮಾತೇ ಅರ್ಧಕ್ಕೆ ನಿಲ್ಲುತ್ತದೆ. ಹಣದ ಅಡಚಣೆಯಿರುವವರು ಮೊದಲು ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಆದರೆ ಗಂಡ ಹೆಂಡತಿ ಎದುರುಬದುರು ಕುಳಿತು ಆಡಬೇಕಾದ ಮಾತಿದ್ದರೆ ಇಂಥ ಸಮಾಲೋಚಕರಲ್ಲಿಗೇ ಹೋಗಬೇಕೆಂಬುದು ನನ್ನ ಅಭಿಪ್ರಾಯ. ನಾವು ಈಗಲೂ ಹೋಗುತ್ತಿದ್ದೇವೆ. ಅತ್ತೆ ಮಾವನವರಿಗೆ ಎಷ್ಟು ಹೇಳಬೇಕು, ಯಾರು ಹೇಳಬೇಕು ಎಂಬುದು ಮುಂದಿನ ಭೇಟಿಯ ವಿಷಯ.