ಕೈ ಬೀಸಿಕೊಂಡು ಬನ್ನಿ ಅಂದ ಸೇವಾ ಶಿಬಿರ

ದಕ್ಷಿಣ ಕೊಡಗಿನ ಒಂದು ಚರ್ಚ್‌ನವರು ನಡೆಸಿದ ಎರಡು ದಿನದ ಸೇವಾ ತರಬೇತಿಗೆ ಹೋಗಿ ಬಂದೆ. ಬೇರೆ ಭಾಷೆ, ಬೇರೆ ಆಚಾರದವರ ನಡುವೆ ಕ್ರೈಸ್ತರಾಗಿ ಹೇಗೆ ಸೇವೆ ಮಾಡೋದು ಅನ್ನೋದು ವಿಷಯ. ಇದಕ್ಕೆ ದೂರ ದೇಶಕ್ಕೇನೂ ಹೋಗಬೇಕಿಲ್ಲ ನಮಗೆ. ಒಂದೇ ತೋಟದಲ್ಲಿ ಯಜಮಾನರದ್ದು ಕೊಡವ ತಕ್ಕ್, ಲೆಕ್ಕ ಬರೆಯೋ ರೈಟರ್‌ದು ಮಲಯಾಳಂ, ಕೂಲಿಯವರ ಸಾಲುಮನೆ, ಅಂದರೆ ಒಂದು ಲೈನ್ ಮನೆಯಲ್ಲಿ ಯರವ ಬುಡಕಟ್ಟಿನವರು, ಅದರಾಚೆ ಅಸ್ಸಾಮಿನವರು.

ಮೊದಲ ದಿನ ಬರೀ ಭಾಷಣ. ಬೋರ್ಡ್ ತುಂಬಾ ಬಾಣದ ಗುರುತು, ನಿದ್ದೆ ಬಂತು. ಚರಿತ್ರೆಯ ಭಾಗ ಮಾತ್ರ ಚೆನ್ನಾಗಿತ್ತು. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದ್ದು, ಟಿಪ್ಪುವಿನ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ನೆಲೆ ಕೊಟ್ಟವರು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ. ಅಂದರೆ ಕೊಡಗಿಗೆ ಆ ಕ್ರೈಸ್ತರು ಬಂದಿದ್ದು ಕೊಡೋದಕ್ಕಲ್ಲ, ಕೇಳೋದಕ್ಕೆ.

ಎರಡನೇ ದಿನ ಲೈನ್ ಮನೆ ಭೇಟಿ. ಶಿಬಿರಕ್ಕೆ ನಾನು ಪೂರ್ತಿ ಅಂಕ ಕೊಡೋದು ಇದಕ್ಕೇ. ಬಿಸ್ಕೆಟ್ ಪೊಟ್ಟಣ ಬೇಡ, ಹಳೇ ಬಟ್ಟೆ ಬೇಡ, ಫೋಟೋ ಅಂತೂ ಬೇಡವೇ ಬೇಡ, ಅವರು ಕೂರಿಸಿದಲ್ಲಿ ಕೂತು ಕೊಟ್ಟಿದ್ದು ತಗೊಳ್ಳಿ ಅಂದರು. ಬೈಬಲ್‌ನ ಯೋಹಾನ 4ರಲ್ಲಿ ಯೇಸು ಸಮಾರ್ಯದ ಹೆಂಗಸಿನ ಹತ್ತಿರ ಮೊದಲು ಕುಡಿಯೋಕೆ ನೀರು ಕೇಳಿದ್ದು ಅಲ್ವಾ? ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇಲ್ಲದ ಕಾಲ ಅದು.

ನಾವು ಹೋಗಿದ್ದು ಅಸ್ಸಾಮಿನ ಒಂದು ಕುಟುಂಬದ ಮನೆಗೆ. ಮನೆಯಾಕೆ ಚಹಾ ಕೊಡ್ತೀನಿ ಅಂದಾಗ ನಮ್ಮ ಜೊತೆಯವರೊಬ್ಬರು ಸಂಕೋಚಕ್ಕೆ 'ಬೇಡಮ್ಮಾ, ಈಗಷ್ಟೇ ಕುಡಿದು ಬಂದ್ವಿ' ಅಂದುಬಿಟ್ಟರು. ಮುಂದಾಳು ಕಣ್ಣಲ್ಲೇ ಗದರಿದರು. ಆಕೆ ಮಗನನ್ನು ಪಕ್ಕದ ಮನೆಗೆ ಓಡಿಸಿ ಇನ್ನೆರಡು ಲೋಟ ತರಿಸಿ, ಹಾಲಿಲ್ಲದ ಕೆಂಪು ಚಹಾ ಕೊಟ್ಟರು. ಸಿಹಿ ಜಾಸ್ತಿ. ಲೋಟ ಖಾಲಿಯಾಗೋ ಹೊತ್ತಿಗೆ ಹರಕು ಹಿಂದಿಯಲ್ಲೇ ಮಾತು ಶುರುವಾಯಿತು. ಅವರಿಗೆ ಬಟ್ಟೆ ಬೇಕಿರಲಿಲ್ಲ, ಅಕ್ಕಿಯೂ ಬೇಕಿರಲಿಲ್ಲ. ಮಗುವಿಗೆ ಜ್ವರ ಬಂದಾಗ ಆಸ್ಪತ್ರೆಗೆ ಜೊತೆಗೆ ಬಂದು, ಡಾಕ್ಟರ್ ಹತ್ತಿರ ಕನ್ನಡದಲ್ಲಿ ಹೇಳಿ, ಮಾತ್ರೆ ಯಾವ ಹೊತ್ತಿಗೆ ಅಂತ ತಿಳಿಸೋರು ಬೇಕಿತ್ತು. ಮೂಟೆ ಹೊತ್ತು ಹೋಗಿದ್ದರೆ ಇದು ನಮಗೆ ಗೊತ್ತೇ ಆಗ್ತಿರಲಿಲ್ಲ. ಅವರಾಗಿ ಕೇಳಿದರೆ ಮಾತ್ರ ಪ್ರಾರ್ಥನೆ, ಸಹಾಯಕ್ಕೂ ಅದಕ್ಕೂ ಗಂಟು ಹಾಕಬೇಡಿ ಅಂತಲೂ ಮೊದಲೇ ಖಡಕ್ಕಾಗಿ ಹೇಳಿದ್ದರು.

ಊಟ ಸೊಗಸು. ಅಕ್ಕಿ ತರಿಯ ಉಂಡೆ ಕಡಂಬಿಟ್ಟು, ಹಂದಿ ಮಾಂಸದ ಪಂದಿ ಕರಿ, ಅದನ್ನು ತಿನ್ನದವರಿಗೆ ಬೇರೆ ಪಾತ್ರೆ, ಬೇರೆ ಸೌಟು.

ತಕರಾರು ಇದೆ. ಪಾಠ ಹೇಳಿದವರಲ್ಲಿ ಲೈನ್ ಮನೆಯವರು ಒಬ್ಬರೂ ಇಲ್ಲ, ಒಬ್ಬ ಯರವ ಅಜ್ಜಿಯನ್ನು ಕರೆಸಿ ಅರ್ಧ ಗಂಟೆ ಮಾತಾಡಿಸಿದ್ದರೆ ಆ ಬಾಣಗಳೆಲ್ಲ ಬೇಕಿರಲಿಲ್ಲ. ಅದೂ ಕಾಫಿ ಕೊಯ್ಲಿನ ಸಮಯದಲ್ಲಿ, ಸಂತೆ ದಿನವೇ ಭೇಟಿ ಇಟ್ಟಿದ್ದರು. ವಾರಕ್ಕೊಂದು ರಜೆ, ಸಾಮಾನು ತರೋ ಹೊತ್ತು, ಆಗ ನಾವು ಹೋಗಿ ಬಾಗಿಲಲ್ಲಿ ನಿಂತರೆ ಹೇಗೆ?

ಕ್ರಿಸ್ಮಸ್‌ಗೆ ಕಂಬಳಿ ಹಂಚೋ ಯುವಕ ಸಂಘದವರು ತಪ್ಪದೇ ಹೋಗಿ. ಒಂದೇ ದಿನ ಬಿಡುವಿದ್ದರೆ ಎರಡನೇ ದಿನಕ್ಕೇ ಹೋಗಿ, ಮೊದಲನೇದು ತಪ್ಪಿದರೆ ನಷ್ಟವಿಲ್ಲ.